ತೊಟ್ಟಿಲ ಹಿಂದಿನ ಗೋಡೆ

ದವಾಖಾನೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಅಜ್ಜನೊಬ್ಬನ ಪಕ್ಕಕ್ಕೆ, ಅವನಿಗೆ ಗುರುತಿಲ್ಲದ ಅಕ್ಕ, ತಮ್ಮ ಕೂತಿದ್ದರು. ತಮ್ಮ ವೈರಿಂಗ್ ಕೆಲಸದವನೆಂದು ಜೇಬಿನ ಟೆಸ್ಟರೇ ಹೇಳುತ್ತಿತ್ತು.

“ನೀನು ವೈರಿಂಗ್ ಮಾಡಿದ ಮೇಲೆ ತೊಟ್ಟಿಲ ಹಿಂದಿನ ಗೋಡೆ ಬೆಚ್ಚಗಿರುತ್ತೆ ಕಣೋ. ಮಗು ಹಾಯಾಗಿ ಮಲಗುತ್ತೆ” ಅಂದಳು ಅಕ್ಕ.

ತಮ್ಮನ ಮುಖ ಸುಣ್ಣದಂತಾಯಿತು.

“ಹೀಟರ್ ಹಾಕಿದಾಗ ಮಾತ್ರಾನಾ?”

“ಹೂಂ. ಯಾಕೋ?”

“ಅಲ್ಲಿ ತಾಮ್ರದ ವೈರು ಸಾಲಲಿಲ್ಲ ಅಕ್ಕಾ. ಹಳೇ ಅಲ್ಯೂಮಿನಿಯಂ ವೈರಿಗೇ ಹೊಸೆದು, ಮೇಲೆ ಗಾರೆ ಮೆತ್ತಿಬಿಟ್ಟೆ.”

“ಎರಡೂ ವೈರೇ ತಾನೆ?”

“ಎರಡಕ್ಕೂ ಹೊಂದಲ್ಲ. ಗಂಟು ಸಡಿಲಾಗುತ್ತೆ, ಕಿಲುಬು ಹಿಡಿಯುತ್ತೆ. ಕರೆಂಟು ಅಲ್ಲಿ ತಿಣುಕಿಕೊಂಡು ದಾಟಬೇಕು. ಆ ತಿಣುಕಾಟಾನೇ ಬಿಸಿ. ಹೊತ್ತಿಕೊಂಡರೂ ಹೊತ್ತಿಕೊಂಡೀತು.”

“ಅಯ್ಯೋ ಪಾಪಿ! ಹೀಟರ್ ಹಾಕೇ ಬಂದಿದ್ದೀನಲ್ಲೋ! ನಿಮ್ಮ ಭಾವ ಮಗೂನ ಮಲಗಿಸ್ತಿದ್ದಾರೆ.”

“ಫೋನ್ ಮಾಡು, ಬೇಗ!”

ಫೋನು ಒಮ್ಮೆ ಪೂರ್ತಿ ಬಡಿದುಕೊಂಡು ಸುಮ್ಮನಾಯಿತು. ಎರಡನೆಯ ಸಲ ಗಂಡ ಎತ್ತಿದ.

“ರೀ, ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಕೇಳಿ... ಆರಿಸಿದ್ರಾ? ಮಗೂನ ಎತ್ಕೊಂಡು ಆಚೆ ಬನ್ನಿ.”

ಇಬ್ಬರೂ ಆಚೆ ಬಂದರೆಂದು ಗಂಡ ಹೇಳಿದ ಮೇಲೇ ಅವಳು ಫೋನ್ ಇಟ್ಟಳು.

“ಇವತ್ತೇ ಗೋಡೆ ಒಡೆದು ಹೊಸ ವೈರು ಎಳೀತೀನಿ. ಭಾವಂಗೆ ಹೇಳಬೇಡ ಅಕ್ಕಾ.”

“ನಾನ್ಯಾಕೆ ಹೇಳಲಿ? ನೀನೇ ಹೇಳ್ತೀಯ. ಏಳು.”

ಅವರ ನಂಬರು ಕೂಗುವ ಹೊತ್ತಿಗೆ ಇಬ್ಬರೂ ಬಾಗಿಲು ದಾಟಿದ್ದರು. ಅಜ್ಜ ಬೆನ್ನು ಒರಗಿಸುವ ಮುನ್ನ ಹಿಂದಿನ ಗೋಡೆಯನ್ನೊಮ್ಮೆ ಮುಟ್ಟಿ ನೋಡಿದ.