ಮಂಗಳವಾರದ ಹಾಜರಾತಿ

ಹೇಳಿಕೆ ಕೊಡುವವರು: ಮಕ್ಕಳ ಬೆಂಬಲ ಕೇಂದ್ರದ ಸಂಯೋಜಕಿ. ಕೇಂದ್ರದಲ್ಲಿ ಎಲ್ಲರೂ ‘ದೊಡ್ಡಕ್ಕ’ ಎಂದು ಕರೆಯುತ್ತಾರೆ. ವಯಸ್ಸು ನಲವತ್ತಾರು. ವಾಸ: ಕೇಂದ್ರದಿಂದ ಮೂರನೇ ಬೀದಿ, ಹೊಲಿಗೆ ಅಂಗಡಿಯ ಮೇಲಿನ ಮನೆ. ಮಕ್ಕಳ ಹೆಸರು ಬರೆಯಬಾರದೆಂಬ ನಿಯಮವಿರುವುದರಿಂದ ಅಡ್ಡಹೆಸರುಗಳನ್ನೇ ಬರೆಸಿದ್ದೇನೆ.

ಠಾಣಾಧಿಕಾರಿಗಳ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಮಂಗಳವಾರ ನಾನು ತಮ್ಮ ಪೇದೆಯವರಿಗೆ ಹೇಳಿದ್ದು ಸುಳ್ಳು. ನಡೆದದ್ದು ಹೀಗೆ.

ಹನ್ನೊಂದು ವರ್ಷಗಳಿಂದ ನಾನು ಈ ಕೆಲಸದಲ್ಲಿದ್ದೇನೆ. ಮೊದಲ ಸಲ ತಪ್ಪು ಮಾಡಿದ ಮಕ್ಕಳನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸದೆ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಕಳುಹಿಸುತ್ತಾರೆ. ಶಾಲೆ, ಕಸುಬು, ಮನೆಯವರು, ಠಾಣೆ ಇಷ್ಟೂ ಕಡೆ ಓಡಾಡಿ ಮಗುವಿಗೆ ಬೇಕಾದದ್ದನ್ನು ಹೊಂದಿಸಿಕೊಡುವುದು ನನ್ನ ಕೆಲಸ. ಮಗು ಐದು ಸಲ ಗೈರುಹಾಜರಾದರೆ ಅಥವಾ ಷರತ್ತು ಮುರಿದರೆ ಕಡತ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ.

‘ಸೂಜಿ’ ಎಂಬ ಹುಡುಗಿಗೆ ಹದಿನಾರು ವರ್ಷ. ಆಳು ತೆಳ್ಳಗೆ, ಮಾತು ಚುಚ್ಚುವಂಥದ್ದು, ಅದಕ್ಕೇ ಆ ಹೆಸರು. ನಾಲ್ಕು ತಿಂಗಳ ಹಿಂದೆ ಗೆಳತಿಯರೊಂದಿಗೆ ಪಂಥ ಕಟ್ಟಿ, ಪೇಟೆಯ ಕನ್ನಡಕದ ಅಂಗಡಿಯ ಗಾಜಿನ ಬಾಗಿಲಿಗೆ ಕಲ್ಲು ಹೊಡೆದಿದ್ದಳು. ಚೂರು ತಾಗಿ ಯಜಮಾನರ ಮೊಣಕೈಗೆ ಏಳು ಹೊಲಿಗೆ ಬಿದ್ದಿತ್ತು. ವಾರಕ್ಕೆ ಮೂರು ಮಧ್ಯಾಹ್ನ ಎರಡರಿಂದ ಐದರವರೆಗೆ ನಮ್ಮ ಪುಸ್ತಕ ಕಟ್ಟುವ ಕೋಣೆಯಲ್ಲಿ ಕೆಲಸ ಕಲಿಯಬೇಕು, ನಾನಿಲ್ಲದೆ ಆ ಅಂಗಡಿಯ ಇನ್ನೂರು ಮೀಟರಿನೊಳಗೆ ಹೋಗಬಾರದು ಎಂದು ಅವಳಿಗೆ ಷರತ್ತಿತ್ತು.

ಮಂಗಳವಾರ, ತಾರೀಖು ಹನ್ನೆರಡರಂದು, ಎರಡೂವರೆಯಾದರೂ ಸೂಜಿ ಬರಲಿಲ್ಲ. ಅದು ಅವಳ ಐದನೆಯ ಗೈರು. ನಾನು ಹಾಜರಾತಿ ಪುಸ್ತಕ ತೆಗೆದು ಅವಳ ಹೆಸರಿನ ಮುಂದೆ ‘ಹಾಜರು’ ಎಂದು ಬರೆದು, ಅವಳ ಸಹಿಯನ್ನೂ ನಾನೇ ಹಾಕಿದೆ. ಅವಳ ಮೇಲಿನ ಮರುಕದಿಂದ ಹಾಗೆ ಮಾಡಿದೆನೆಂದರೆ ಅರ್ಧ ನಿಜ. ಈ ವರ್ಷ ಎರಡು ಕಡತಗಳು ಆಗಲೇ ನ್ಯಾಯಾಲಯಕ್ಕೆ ಹೋಗಿದ್ದವು, ಮೂರನೆಯದು ಹೋದರೆ ಮೇಲಿನ ಕಚೇರಿಗೆ ನಾನು ಉತ್ತರ ಕೊಡಬೇಕಿತ್ತು. ಅದೇ ಹಾಳೆಯಲ್ಲಿ ‘ಮೌನಿ’ ಎಂಬ ಹುಡುಗನಿಗೆ ‘ಗೈರು’ ಎಂದು ಬರೆದೆ. ಅವನಿಗೆ ಅದು ಮೊದಲ ಗೈರು, ಹಾಗಾಗಿ ನಿಜ ಬರೆಯುವುದು ನನಗೆ ಕಷ್ಟವಾಗಲಿಲ್ಲ.

ಸಂಜೆ 5.10ಕ್ಕೆ ಪೇದೆಯವರು ಬಂದರು. ಮಧ್ಯಾಹ್ನ 3.40ಕ್ಕೆ ಅದೇ ಅಂಗಡಿಯ ಹೊಸ ಗಾಜು ಮತ್ತೆ ಒಡೆದಿದೆ, ಆಗ ಯಜಮಾನರು ಇರಲಿಲ್ಲ, ಅಂಗಡಿಯಲ್ಲಿದ್ದ ಅವರ ಮಗ ಆ ಹಳೇ ಹುಡುಗಿಯೇ ಕಲ್ಲು ಹೊಡೆದು ಓಡಿದಳೆಂದು ಹೇಳುತ್ತಿದ್ದಾನೆ ಎಂದರು. ನಾನು ಪುಸ್ತಕ ತೆರೆದು ತೋರಿಸಿ, ಎರಡರಿಂದ ಐದರವರೆಗೆ ಅವಳು ನನ್ನ ಕಣ್ಣೆದುರಿಗೇ ಇದ್ದಳೆಂದು ಹೇಳಿದೆ. ಅವರು ಮೊಬೈಲಿನಲ್ಲಿ ಹಾಳೆಯ ಚಿತ್ರ ತೆಗೆದುಕೊಂಡು ಹೋದರು.

5.50ಕ್ಕೆ ಸೂಜಿ ಬಂದಳು. ಬಲ ಅಂಗೈಗೆ ಕರವಸ್ತ್ರ ಸುತ್ತಿತ್ತು, ರಕ್ತ ಒಸರಿತ್ತು. ತೊಳೆದು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಗಾಜು ಸಿಕ್ಕಿಕೊಂಡಿತ್ತು. ಚಿಮುಟದಿಂದ ಅದನ್ನು ತೆಗೆದು, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಪಟ್ಟಿ ಕಟ್ಟಿದೆ. ಯಾರು ಕೇಳಿದರೂ ಎರಡರಿಂದ ಐದರವರೆಗೆ ಇಲ್ಲೇ ಇದ್ದೆ ಅನ್ನು ಎಂದೆ. ಅವಳು ನನ್ನ ಮುಖವನ್ನೇ ನೋಡಿ, “ನಾನೆಲ್ಲಿದ್ದೆ ಅಂತ ನಿಮಗೆ ಬೇಡ್ವಾ ಅಕ್ಕಾ?” ಎಂದು ಕೇಳಿದಳು. ಬೇಡ ಎಂದೆ.

ಬುಧವಾರ ಬೆಳಿಗ್ಗೆ ಪುಸ್ತಕ ಕಟ್ಟುವುದನ್ನು ಕಲಿಸುವ ಮೇಷ್ಟ್ರು, ನಿನ್ನೆ ಸೂಜಿ ಬಂದಿರಲಿಲ್ಲವಲ್ಲ ಎಂದರು. ನೀವು ಅಂಟು ಕಲಸುತ್ತಿದ್ದಿರಿ, ಗಮನಿಸಿಲ್ಲ ಎಂದೆ. “ಅಂಟು ಕಲಸ್ತಿದ್ದೆ ನಿಜ, ಕಣ್ಣಿಗೇನು ಅಂಟು ಮೆತ್ಕೊಂಡಿರ್ಲಿಲ್ಲ” ಎಂದು ಹೇಳಿ ಅವರು ಒಳಗೆ ಹೋದರು.

ಇಂದು ಗುರುವಾರ 10.15ಕ್ಕೆ ಮೌನಿಯ ಅಜ್ಜಿ ಫೋನ್ ಮಾಡಿದರು. 9.40ಕ್ಕೆ ಅವನನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರು. ಹುಡುಗಿ ಕೇಂದ್ರದಲ್ಲೇ ಇದ್ದಳೆಂದು ಗೊತ್ತಾದ ಮೇಲೆ ಅಂಗಡಿಯ ಮಗ, ತಾನು ನೋಡಿದ್ದು ಬೆನ್ನು ಮಾತ್ರ, ಕೇಂದ್ರದ ನೀಲಿ ಅಂಗಿ ಇತ್ತು ಎಂದು ಮಾತು ಬದಲಿಸಿದ್ದನಂತೆ. ನನ್ನ ಪುಸ್ತಕದ ಪ್ರಕಾರ ಅಂದು ಗೈರಾಗಿದ್ದವನು ಮೌನಿ ಒಬ್ಬನೇ. ಅವನಿಗೆ ಹದಿನೈದು ವರ್ಷ. ಹೆದರಿದರೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅಜ್ಜಿ, “ಜ್ವರ ಬಂದು ಮಲಗಿದ್ದ ಮಗು ಕಣಮ್ಮಾ. ‘ಇಲ್ಲ’ ಅನ್ನೋಕೆ ಅವನಿಗೆ ಎಷ್ಟು ಹೊತ್ತು ಬೇಕು ಅಂತ ಅವರಿಗೇನು ಗೊತ್ತು?” ಎಂದರು.

10.40ಕ್ಕೆ ನಾನು ಠಾಣೆಗೆ ಬಂದೆ. ಮೌನಿ ಬೆಂಚಿನ ತುದಿಯಲ್ಲಿ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಬರಹಗಾರ ಪೇದೆಯವರು, “ಒಪ್ಕೊಳ್ಳೋ ಹಾಗೇ ಇದಾನೆ ಮೇಡಂ, ಬಾಯಿಗೆ ಬರ್ತಿಲ್ಲ ಅಷ್ಟೇ” ಎಂದರು. ಹುಡುಗ ನನ್ನನ್ನು ನೋಡಿ ತುಟಿ ಅಲ್ಲಾಡಿಸಿದ. ಶಬ್ದ ಹೊರಡಲಿಲ್ಲ. ಐದು ನಿಮಿಷ ಅಲ್ಲಿ ನಿಂತಿದ್ದೆ. ಆಗಲೇ ಹೇಳಬೇಕಿತ್ತು. ಹೇಳದೆ ಕೇಂದ್ರಕ್ಕೆ ಹಿಂತಿರುಗಿದೆ.

11.30ಕ್ಕೆ ಕೇಂದ್ರದ ಬಾಗಿಲಲ್ಲಿ ಸೂಜಿ ನಿಂತಿದ್ದಳು. ಮೌನಿಯನ್ನು ಹಿಡಿದದ್ದು ನಿಜವೇ ಎಂದು ಕೇಳಿದಳು. ಒಳಗೆ ಕರೆದು ಬಾಗಿಲು ಹಾಕಿದೆ. ನಾನು ಕೇಳುವ ಮೊದಲೇ ಹೇಳಿದಳು.

ಮಂಗಳವಾರ ಅವಳು ಯಜಮಾನರ ಹತ್ತಿರ ಕ್ಷಮೆ ಕೇಳಲು ಒಬ್ಬಳೇ ಹೋಗಿದ್ದಳಂತೆ. “ನೀವು ಪಕ್ಕದಲ್ಲಿ ನಿಂತಿದ್ರೆ ನೀವೇ ಹೇಳಿಸ್ದಂಗೆ ಆಗುತ್ತೆ ಅಕ್ಕಾ” ಎಂದಳು. ಎದುರಿನ ಫುಟ್‌ಪಾತಿನಲ್ಲಿ ಒಂದು ಗಂಟೆ ನಿಂತರೂ ರಸ್ತೆ ದಾಟಲು ಧೈರ್ಯ ಬಂದಿರಲಿಲ್ಲ. ಅಷ್ಟರಲ್ಲಿ ಮಗ ಒಳಗಿನಿಂದ ಒಂದು ಕಬ್ಬಿಣದ ಸ್ಟ್ಯಾಂಡು ಎತ್ತಿಕೊಂಡು ಬರುವಾಗ ಅದರ ಮೂಲೆ ತಾಗಿ ಗಾಜು ಒಡೆಯಿತು. ಇವಳು ಓಡಿಹೋಗಿ ಚೂರು ಆಯಲು ಕೂತಳು. ಅವನು ಇವಳ ಮುಖ ನೋಡಿ, ಗುರುತು ಹಿಡಿದು, ತೊಲಗು ಎಂದು ಗದರಿದ.

ಇದನ್ನು ಠಾಣೆಯಲ್ಲಿ ಹೇಳಿದರೆ ಐದನೆಯ ಗೈರೂ ಲೆಕ್ಕಕ್ಕೆ ಬರುತ್ತದೆ, ಷರತ್ತು ಮುರಿದದ್ದೂ ಬರುತ್ತದೆ, ನಿನ್ನ ಕಡತ ನ್ಯಾಯಾಲಯಕ್ಕೆ ಹೋಗುತ್ತದೆ ಎಂದು ತಿಳಿಸಿದೆ. ಅವಳು, “ಅವನಿಗೆ ಮಾತಾಡೋಕೆ ಆಗಲ್ಲ. ನಂಗೆ ಆಗುತ್ತಲ್ಲ” ಎಂದಳು. ಆಮೇಲೆ, “ನೀವೂ ನಾನೇ ಹೊಡೆದೆ ಅಂದ್ಕೊಂಡ್ರಿ, ಅಲ್ವಾ?” ಎಂದಳು. ಹೌದು ಎಂದೆ. ಈ ಹನ್ನೊಂದು ವರ್ಷಗಳಲ್ಲಿ ಅಷ್ಟು ಭಾರದ ‘ಹೌದು’ ನನ್ನ ಬಾಯಿಂದ ಬಂದಿಲ್ಲ.

12.20ಕ್ಕೆ ನಾವಿಬ್ಬರೂ ಇಲ್ಲಿಗೆ ಬಂದು ಹಾಜರಾತಿ ಪುಸ್ತಕ ಒಪ್ಪಿಸಿದೆವು. ಬಟ್ಟೆ ಇಸ್ತ್ರಿ ಮಾಡುವ ಅವಳ ತಾಯಿ ಒಂದು ಗಂಟೆಗೆ ಬಂದ ಮೇಲೆ, ಅವರ ಎದುರಿಗೆ ಸೂಜಿ ಎಲ್ಲವನ್ನೂ ಹೇಳಿದಳು. 2.30ಕ್ಕೆ ಅಂಗಡಿಯ ಯಜಮಾನರೂ ಅವರ ಮಗನೂ ಬಂದರು. ಮೂವತ್ತರ ಆಸುಪಾಸಿನ ಆ ಮಗ, ಕಲ್ಲು ಬೀದಿಯಿಂದಲೇ ಬಂತು, ಈ ಹುಡುಗಿ ಕತೆ ಕಟ್ಟುತ್ತಿದ್ದಾಳೆ ಎಂದ. ಸೂಜಿಯ ತಾಯಿ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಯಜಮಾನರು ಅಧಿಕಾರಿಗಳ ಅಪ್ಪಣೆ ಕೇಳಿ ಹುಡುಗಿಯ ಕಡೆ ತಿರುಗಿದರು.

“ಚೂರೆಲ್ಲ ಎಲ್ಲಿ ಬಿದ್ದಿತ್ತಮ್ಮಾ?”

“ಹೊರಗೆ. ಮೆಟ್ಟಿಲ ಮೇಲೆ, ರಸ್ತೆ ಮೇಲೆ. ಒಳಗಡೆ ಇದ್ದಿದ್ದು ಒಂದೆರಡು.”

ಅವರು ಅಧಿಕಾರಿಗಳ ಕಡೆ ತಿರುಗಿ, “ಗುಡಿಸಿದ್ದು ನಾನೇ ಸಾರ್. ಬೀದಿಯಿಂದ ಕಲ್ಲು ಬಂದಿದ್ರೆ ಗಾಜು ಅಂಗಡಿ ಒಳಗೆ ಬೀಳ್ಬೇಕಿತ್ತು. ಮಂಗಳವಾರ ಸಂಜೆನೇ ಗೊತ್ತಾಯ್ತು. ಇವನೇ ಬಾಯಿ ಬಿಡ್ಲಿ ಅಂತ ಎರಡು ದಿನ ಕಾದೆ. ಇನ್ನೊಂದು ಮಗುನ ತಂದು ಕೂರಿಸಿದಾರೆ ಅಂತ ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು” ಎಂದರು. ಅವರು ಮಗನನ್ನು ನೋಡಲಿಲ್ಲ, ನಾನು ಸೂಜಿಯನ್ನು ನೋಡಲಿಲ್ಲ. ಮಗ ತಲೆ ತಗ್ಗಿಸಿ, ಸ್ಟ್ಯಾಂಡು ಒಬ್ಬನೇ ಎತ್ತಬೇಡ ಎಂದು ಅಪ್ಪ ಹೇಳಿದ್ದರು ಎಂದ.

3.25ಕ್ಕೆ ಮೌನಿಯನ್ನು ಅಜ್ಜಿಯ ಜೊತೆ ಕಳುಹಿಸಲಾಯಿತು. ಹೋಗುವಾಗ ಅವನು ಸೂಜಿಯ ಮುಂದೆ ನಿಂತು ಏನೋ ಹೇಳಲು ಹೊರಟ. ಅವಳು, “ಆತುರ ಇಲ್ಲ ಬಿಡೋ, ನಾಳೆ ಹೇಳು” ಎಂದಳು.

ಸೂಜಿಯ ಕಡತ ಸೋಮವಾರ ನ್ಯಾಯಾಲಯಕ್ಕೆ ಹೋಗುತ್ತದೆ ಎಂದು ಅಧಿಕಾರಿಗಳು ತಿಳಿಸಿದ್ದಾರೆ. ಸುಳ್ಳು ದಾಖಲೆ ಬರೆದದ್ದಕ್ಕೆ ನನ್ನ ಮೇಲೆ ಕ್ರಮವಾಗುತ್ತದೆ, ಅಲ್ಲಿಯವರೆಗೆ ನಾನು ಯಾವ ಮಗುವಿನ ಪರವಾಗಿಯೂ ನಿಲ್ಲುವಂತಿಲ್ಲ. ಇದನ್ನು ಒಪ್ಪಿದ್ದೇನೆ. ಹೊರಗಿನ ಬೆಂಚಿನಲ್ಲಿ ಸೂಜಿಗೆ ಇದನ್ನು ಹೇಳಿದೆ. ಸೋಮವಾರ ಸಂಯೋಜಕಿಯಾಗಿ ನಿನ್ನ ಜೊತೆ ಬರಲಾಗುವುದಿಲ್ಲ ಎಂದೆ. ಅವಳು, “ಸಂಯೋಜಕಿ ಆಗಿ ಬರ್ಬೇಡಿ. ಸುಮ್ನೆ ಬನ್ನಿ” ಎಂದಳು. ಹತ್ತು ಗಂಟೆಗೆ ಹೋಗುತ್ತೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಮಕ್ಕಳ ವಿಭಾಗದ ಕೊಠಡಿ
ದಿನಾಂಕ: ತಾರೀಖು ಹದಿನಾಲ್ಕು, ಗುರುವಾರ, ಸಂಜೆ 5.05
ಸಹಿ: (ಹೇಳಿಕೆ ಕೊಟ್ಟವರದ್ದು)