ಕಾರಿನ ಭಾರ ಎಲ್ಲಿಗೆ ಹೋಯಿತು?

ಒಬ್ಬ ಶ್ರೀಮಂತ ಇದ್ದ. ಯಾವ ಊರಲ್ಲಿ ಅಂತ ಕೇಳಬೇಡಿ. ಊರು ಹೇಳಿದರೆ ಅವನು ಯಾರ ಮಗ, ಯಾರ ಅಳಿಯ ಅಂತ ಹುಡುಕಿಕೊಂಡು ನಿಮ್ಮಲ್ಲಿ ಅರ್ಧ ಜನ ಪ್ರವಚನ ಬಿಟ್ಟು ಇಲ್ಲಿಂದಲೇ ಹೊರಟುಬಿಡುತ್ತೀರಿ. ನಮಗೆ ಈಗ ಬೇಕಾದದ್ದು ಅವನ ಕಾರು.

ಹಳೇ ಕಾಲದ ಕಾರು. ಗುಂಡು ಗುಂಡು ದೀಪ, ದಪ್ಪ ಬಾಗಿಲು, ಹಾಕಿದರೆ ಪಕ್ಕದ ಬೀದಿಗೆ ಕೇಳಬೇಕು. ಹೊಸ ಕಾರು ಕೊಳ್ಳುವ ಶಕ್ತಿ ಅವನಿಗಿತ್ತು, ಮನಸ್ಸಿರಲಿಲ್ಲ. ಹೆಂಡತಿಗೂ ಅದೇ ಕಾರು ಇಷ್ಟ. ಮದುವೆಯಾಗಿ ಆ ಮನೆಗೆ ಬಂದದ್ದೇ ಅದರಲ್ಲಿ. ಪ್ರತಿ ಭಾನುವಾರ ಸಂಜೆ ಗಂಡ ಹೆಂಡತಿ ಅದರಲ್ಲಿ ಕೂತು ಕೆರೆ ಏರಿಗೆ ಹೋಗಿ, ಹುರಿದ ಕಡಲೆಕಾಯಿ ತಿಂದು ಬರುತ್ತಿದ್ದರು. ಆಯಮ್ಮ ಆ ಮನೆಯ ಹೊಸಿಲು ದಾಟಿ ತನಗೋಸ್ಕರ ಅಂತ ಹೊರಗೆ ಹೋಗುತ್ತಿದ್ದದ್ದು ಅದೊಂದೇ ಹೊತ್ತು. ಇದನ್ನು ಮರೆಯಬೇಡಿ.

ಈ ಶ್ರೀಮಂತನಿಗೆ ಒಂದು ಚಟ. ಕುಡಿತ ಅಲ್ಲ, ಇಸ್ಪೀಟು ಅಲ್ಲ. ಬಿಚ್ಚಿ ನೋಡುವ ಚಟ. ಗಡಿಯಾರ ನಿಂತರೆ ಬಿಚ್ಚುವನು. ನಿಲ್ಲದಿದ್ದರೂ ಬಿಚ್ಚುವನು, ಅದು ಹೇಗೆ ಓಡುತ್ತಿದೆ ನೋಡೋಣ ಅಂತ. ನಗಬೇಡಿ, ತಿಳಿಯಬೇಕು ಅನ್ನುವ ಹಂಬಲ ದೇವರು ಕೊಟ್ಟ ಗುಣ. ಅದನ್ನು ಯಾವ ಕಡೆ ತಿರುಗಿಸುತ್ತೀರಿ ಅನ್ನುವುದೇ ಪ್ರಶ್ನೆ.

ಒಂದು ಭಾನುವಾರ ಹೆಂಡತಿ ಅಂದಳು, "ನಾನು ಬರಲ್ಲ ರೀ. ಸೊಂಟ ಹಿಡ್ಕೊಂಡ್ಬಿಟ್ಟಿದೆ. ನೀವು ಹೋಗ್ಬನ್ನಿ."

ಮುಂದಿನ ಭಾನುವಾರವೂ ಅದೇ ಮಾತು. ಶ್ರೀಮಂತನಿಗೆ ಗಾಬರಿಯಾಯಿತು. ಅವಳಿಲ್ಲದೆ ಕಡಲೆಕಾಯಿ ರುಚಿಸಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಹೇಳಿದರು, "ಇವರಿಗೆ ವಿಶ್ರಾಂತಿ ಬೇಕು. ಕುಲುಕಾಟ ಆಗಬಾರದು. ಹೀಗೇ ಬಿಟ್ಟರೆ ಹಾಸಿಗೆ ಹಿಡೀತಾರೆ."

ನೋಡಿ, ಡಾಕ್ಟರು ವಿಶ್ರಾಂತಿಯನ್ನೂ ಹೇಳಿದರು, ಕುಲುಕಾಟವನ್ನೂ ಹೇಳಿದರು. ನಮ್ಮ ಶ್ರೀಮಂತನ ಕಿವಿಗೆ ಬಿದ್ದದ್ದು ಕುಲುಕಾಟ ಮಾತ್ರ! ಯಾಕೆ? ಕುಲುಕಾಟ ಅಂದರೆ ಕಾರು. ಕಾರು ಅಂದರೆ ಬಿಚ್ಚಬಹುದು. ವಿಶ್ರಾಂತಿಯನ್ನು ಯಾವ ಸ್ಪ್ಯಾನರ್ ಹಾಕಿ ಬಿಚ್ಚುತ್ತೀರಿ?

ನೆಟ್ಟಗೆ ಮೆಕ್ಯಾನಿಕ್ ಹತ್ತಿರ ಹೋದ. ಆ ಕಾರಿನ ಮುಂಭಾಗದಲ್ಲಿ ಸ್ಪ್ರಿಂಗ್ ಇಲ್ಲ. ಮತ್ತೇನಿದೆ? ಒಂದೊಂದು ಚಕ್ರಕ್ಕೆ ಒಂದೊಂದು ಉದ್ದನೆಯ ಉಕ್ಕಿನ ಸರಳು. ಟಾರ್ಷನ್ ಬಾರ್ ಅನ್ನುತ್ತಾರೆ. ಅರ್ಥವಾಗಲಿಲ್ಲವೇ? ಇಗೋ, ನನ್ನ ಈ ಶಲ್ಯ ನೋಡಿ. ಒಂದು ತುದಿ ನೀವು ಬಿಗಿಯಾಗಿ ಹಿಡಿದುಕೊಳ್ಳಿ, ಇನ್ನೊಂದು ತುದಿ ನಾನು ತಿರುಚುತ್ತೇನೆ. ಬಿಟ್ಟರೆ ಏನಾಗುತ್ತದೆ? ತಿರುಗಿ ಮೊದಲಿನಂತಾಗುತ್ತದೆ. ಆ ಸರಳೂ ಹಾಗೇ. ಹಿಂದಿನ ತುದಿ ಕಾರಿನ ಚಾಸಿಯ, ಅಂದರೆ ಅಡಿಯ ಚೌಕಟ್ಟಿನ, ದಪ್ಪ ಅಡ್ಡಪಟ್ಟಿಗೆ ಬಿಗಿದಿರುತ್ತದೆ, ಮುಂದಿನ ತುದಿ ಚಕ್ರದ ತೋಳಿಗೆ. ಹಳ್ಳ ಬಂದರೆ ಸರಳು ತಿರುಚಿಕೊಂಡು, ಮತ್ತೆ ನೆಟ್ಟಗಾಗಿ, ಕಾರನ್ನು ಎತ್ತಿ ಹಿಡಿಯುತ್ತದೆ. ಹೊರುವುದು ಆ ಸರಳೇ. ಜೊತೆಗೆ ಒಂದು ಶಾಕ್ ಅಬ್ಸಾರ್ಬರ್ ಇರುತ್ತದೆ. ಅದು ಹೊರುವುದಿಲ್ಲ. ಕಾರು ಕುಪ್ಪಳಿಸಿದರೆ "ಇರಲಿ, ಇರಲಿ" ಅಂತ ಸಮಾಧಾನ ಮಾಡುವುದಷ್ಟೇ ಅದರ ಕೆಲಸ.

ಮೆಕ್ಯಾನಿಕ್ ಅಂದ, "ಯಜಮಾನ್ರೇ, ಈ ಸರಳು ಸುಸ್ತಾಗಿದಾವೆ. ಹೊಸವು ಸಿಗಲ್ಲ. ತೆಗ್ದು ಬಿಸಾಕಿ ಕಾಯಿಲ್‌ಓವರ್ ಹಾಕ್ಬಿಡೋಣ."

"ಅದೇನಯ್ಯಾ ಅದು?"

"ಬೈಕಿನ ಹಿಂದ್ಗಡೆ ನೋಡಿಲ್ವಾ? ಶಾಕ್ ಸುತ್ತ ಸ್ಪ್ರಿಂಗು ಇರುತ್ತಲ್ಲ, ಅದೇ. ಹೊರೋದೂ ಅದೇ, ಸಮಾಧಾನ ಮಾಡೋದೂ ಅದೇ. ಎರಡು ಕೆಲಸ, ಒಂದೇ ಜಾಗ."

ಶ್ರೀಮಂತ ಹಿರಿಹಿರಿ ಹಿಗ್ಗಿದ. ಹಳೆಯ ಶಾಕ್ ಕೂತಿದ್ದ ಗೂಡಿನಲ್ಲೇ ಹೊಸದು ಬಂದು ಕೂತಿತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹೆಂಡತಿಯನ್ನು ಕೂರಿಸಿಕೊಂಡು ಕೆರೆ ಏರಿಗೆ ಹೋದ. ಎಷ್ಟು ಮೆತ್ತಗೆ ಅಂತೀರಿ! ತುಂಬಿದ ಲೋಟದ ನೀರು ತುಳುಕಲಿಲ್ಲ.

"ಹೆಂಗಿದೆ?" ಅಂದ.

"ಚೆನ್ನಾಗಿದೆ ರೀ," ಅಂದಳು. ಅವನು ಇಷ್ಟು ಮಾಡಿದನಲ್ಲ ಅಂತ ಆ ಮಾತು. ಮನೆಗೆ ಬಂದು ಇಳಿಯುವಾಗ ಬಾಗಿಲು ಹಿಡಿದುಕೊಂಡೇ ಇಳಿದಳು. ಕಾರು ಮೆತ್ತಗಾಯಿತು. ನೋವು ಹೋಗಲಿಲ್ಲ.

ಕೆಲವು ತಿಂಗಳು ಕಳೆದವು. ಕಾರಿನಲ್ಲಿ ಒಂದು ಸದ್ದು ಶುರುವಾಯಿತು. ಹಳ್ಳ ಬಂದರೆ ಕಿರ್‌ರ್. ಉಬ್ಬು ಬಂದರೆ ಕಿರ್‌ರ್. ಶ್ರೀಮಂತ ಏನು ಮಾಡಿದ? ಎಣ್ಣೆ ಬಿಟ್ಟ. ಸದ್ದು ಬಂದಲ್ಲೆಲ್ಲ ಎಣ್ಣೆ ಬಿಡುವುದು ನಮ್ಮ ಹಳೇ ಚಾಳಿ. ಮನೆಯಲ್ಲಿ ಹೆಂಡತಿ ಗೊಣಗಿದರೆ ಒಂದು ಸೀರೆ, ಕಾರು ಗೊಣಗಿದರೆ ಒಂದು ಡಬ್ಬಿ ಎಣ್ಣೆ. ಮುಂದಿನ ಸಾಲಿನಲ್ಲಿ ಕೂತ ಷಡಕ್ಷರಪ್ಪನವರೇ, ನೀವು ಯಾಕೆ ತಲೆ ತಗ್ಗಿಸಿದಿರಿ? ನಾನು ಕಾರಿನ ಕಥೆ ಹೇಳುತ್ತಿದ್ದೇನೆ.

ಕೊನೆಗೆ ಹೆಂಡತಿಯೇ ಅಂದಳು, "ಸದ್ದು ಕೆಳಗಿಂದ ಬರ್ತಿಲ್ಲ ರೀ. ಮೇಲಿಂದ ಬರ್ತಿದೆ. ಬಾನೆಟ್ ತೆಗೆದು ನೋಡಿ."

ತೆಗೆದು ನೋಡಿದ. ಶಾಕ್‌ನ ಮೇಲ್ತುದಿಗೆ ಬೋಲ್ಟ್ ಹಾಕಿದ್ದ ತಗಡು ಬಿರುಕು ಬಿಟ್ಟು, ಅಂಚು ಮೇಲಕ್ಕೆದ್ದಿತ್ತು. ಇನ್ನೊಂದು ದೊಡ್ಡ ಹಳ್ಳ ಸಿಕ್ಕಿದ್ದರೆ ಕಾರು ಮುಗ್ಗರಿಸಿ ಕೆರೆಗೇ ಬೀಳುತ್ತಿತ್ತು. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದ. ಅವನೂ ಪೆಚ್ಚಾದ. ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತರು.

"ಈ ತಗಡು ಯಾಕಯ್ಯಾ ಹರೀತು?"

"ಇದು ಶಾಕ್ ಹಿಡ್ಕೊಳ್ಳೋಕೆ ಮಾಡಿದ್ದು ಯಜಮಾನ್ರೇ. ಗಾಡಿ ಹೊರೋಕೆ ಮಾಡಿದ್ದಲ್ಲ."

"ಮೊದಲು ಗಾಡಿ ಭಾರ ಯಾರ ಮೇಲಿತ್ತು?"

"ಸರಳಿನ ಮೇಲೆ. ಸರಳಿಂದ ಹಿಂದಿನ ಅಡ್ಡಪಟ್ಟಿ ಮೇಲೆ."

"ಸರಳು ತೆಗೆದ್ವಲ್ಲ, ಆ ಭಾರ ಎಲ್ಲಿಗೆ ಹೋಯ್ತು?"

"ಇಲ್ಲಿಗೇ ಬಂತು. ನಾನು ಯೋಚ್ನೆ ಮಾಡ್ಲಿಲ್ಲ."

"ಮತ್ತೆ ಆ ಅಡ್ಡಪಟ್ಟಿ ಈಗ ಏನು ಮಾಡ್ತಿದೆ?"

"ಏನಿಲ್ಲ. ಗಟ್ಟಿಯಾಗಿದೆ. ಸುಮ್ನೆ ಕೂತಿದೆ."

ಪ್ರತಿ ಮನೆಯಲ್ಲೂ ಇಂಥದ್ದೊಂದು ಅಡ್ಡಪಟ್ಟಿ ಇರುತ್ತದೆ ನೋಡಿ. ಗಟ್ಟಿಯಾಗಿರುತ್ತದೆ. ಸುಮ್ಮನೆ ಕೂತಿರುತ್ತದೆ. ಪೇಪರ್ ಓದುತ್ತಿರುತ್ತದೆ!

ಹೆಂಡತಿ ಇಬ್ಬರಿಗೂ ಕಾಫಿ ತಂದವಳು ಅಲ್ಲೇ ನಿಂತಿದ್ದಳು. ಲೋಟ ಕೊಡುತ್ತಾ ಮೆಲ್ಲಗೆ ಅಂದಳು, "ಇಷ್ಟು ಚೆನ್ನಾಗಿ ಕೇಳೋಕೆ ಬರುತ್ತಲ್ಲ ನಿಮಗೆ. ಮನೇಲಿ ಯಾಕೆ ಕೇಳ್ಲಿಲ್ಲ?"

"ಏನನ್ನ?"

"ಅತ್ತೆಯವ್ರು ಬೀಗದ ಕೈ ನನಗೆ ಕೊಟ್ಟಾಗ ನೀವೆಲ್ಲ ಏನಂದ್ರಿ? ಸದ್ಯ, ಅಮ್ಮ ಹಗುರ ಆದ್ಲು ಅಂದ್ರಿ. ನನಗೂ ಸಂತೋಷಾನೇ, ವಯಸ್ಸಾಗಿತ್ತು ಅವ್ರಿಗೆ. ಆದ್ರೆ ಆ ಭಾರ ಎಲ್ಲಿಗೆ ಹೋಯ್ತು ಅಂತ ಒಬ್ರಾದ್ರೂ ಕೇಳಿದ್ರಾ?"

ಶ್ರೀಮಂತ ಲೋಟವನ್ನು ಪಕ್ಕಕ್ಕಿಟ್ಟು ಅವಳ ಕಡೆ ತಿರುಗಿದ. ಅವನ ತಾಯಿ ಆ ಮನೆಯನ್ನು ಹೊತ್ತಿದ್ದಾಗ ಈ ಸೊಸೆಯ ಕೆಲಸ ಏನಿತ್ತು? ಅತ್ತೆ ಬಿಸಿಯಾದರೆ ತಣ್ಣಗೆ ಮಾಡುವುದು, ಗಂಡ ರೇಗಿದರೆ ಸಮಾಧಾನ ಮಾಡುವುದು. ಈಗ? ಹೊರುವುದೂ ಅವಳೇ, ಸಮಾಧಾನ ಮಾಡುವುದೂ ಅವಳೇ. ಎರಡು ಕೆಲಸ, ಒಂದೇ ಜಾಗ. ಸೊಂಟ ಬಿರುಕು ಬಿಡದೆ ಇನ್ನೇನಾದೀತು ಸ್ವಾಮಿ?

ಆದರೆ ಆ ಮನುಷ್ಯನನ್ನು ನಾನು ಒಂದು ವಿಷಯಕ್ಕೆ ಮೆಚ್ಚುತ್ತೇನೆ. ಅವನು ಸಿಟ್ಟಾಗಲಿಲ್ಲ, ವಾದ ಮಾಡಲಿಲ್ಲ. ಗಡಿಯಾರ ಬಿಚ್ಚುವಾಗ ಇರುತ್ತಿದ್ದ ಅದೇ ಕುತೂಹಲದಿಂದ ಕೇಳಿದ, "ಏನೇನು ಹೊರ್ತಿದ್ದೀಯೇ ನೀನು? ಎಲ್ಲ ಹೇಳು, ನನಗೆ ಗೊತ್ತಿಲ್ಲ." ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಬಗ್ಗೆ ತಿಳಿಯಬೇಕು ಅನ್ನಿಸಿತ್ತು ಅವನಿಗೆ. ಅವಳು ಹೇಳುತ್ತಾ ಹೋದಳು. ಬೆಳಗಿನ ಜಾವದ ನೀರು, ಅತ್ತೆಯ ಮಾತ್ರೆ, ಹೇಳದೆ ಕೇಳದೆ ಬರುವ ನೆಂಟರು, ಮೈದುನನ ಮಕ್ಕಳ ಪರೀಕ್ಷೆ, ಕೆಲಸದವರ ಜಗಳ. ಕಾಫಿ ಆರಿ ತಣ್ಣಗಾಯಿತು. ಅವಳ ಮಾತು ಮುಗಿಯಲಿಲ್ಲ.

ಮೆಕ್ಯಾನಿಕ್ ಆಮೇಲೆ ಹರಿದ ತಗಡು ಕತ್ತರಿಸಿ, ದಪ್ಪ ತಟ್ಟೆ ಬೆಸುಗೆ ಹಾಕಿ, ಅಲ್ಲಿಂದ ಕೆಳಗೆ ಚಾಸಿಗೆ ಎರಡೂ ಕಡೆ ಆಸರೆ ಕೊಟ್ಟ. ಭಾರ ಹಂಚಿಹೋಯಿತು. ಮನೆಯಲ್ಲಿ? ಬೆಳಗಿನ ಒಲೆ ಶ್ರೀಮಂತನ ಪಾಲಿಗೆ ಬಂತು. ಅವನ ಕಾಫಿ ಕುಡಿದ ತಮ್ಮ, ಇದನ್ನು ಕುಡಿಯುವುದಕ್ಕಿಂತ ನೆಂಟರನ್ನು ನೋಡಿಕೊಳ್ಳುವುದೇ ವಾಸಿ ಅಂತ ಆ ಕೆಲಸ ತಾನೇ ವಹಿಸಿಕೊಂಡನಂತೆ. ಅವಳ ಸೊಂಟನೋವು ಮಾಯವಾಯಿತೇ? ಇಲ್ಲ, ಸುಳ್ಳು ಹೇಳಲಾರೆ. ಕಡಿಮೆಯಾಯಿತು. ಒಂದು ಭಾನುವಾರ ಗಂಡ ಕರೆಯುವ ಮೊದಲೇ ಬಂದು ಕಾರಿನಲ್ಲಿ ಕೂತಿದ್ದಳು.

ಕಥೆ ಮುಗಿಯಿತು. ಈಗ ನಿಮ್ಮ ವಿಷಯ.

ಬದಲಾವಣೆ ತಪ್ಪಲ್ಲ. ತಂದೆ ದಣಿಯುತ್ತಾರೆ, ತಾಯಿ ದಣಿಯುತ್ತಾಳೆ, ಅವರನ್ನು ಇಳಿಸಲೇಬೇಕು. ಆದರೆ ಭಾರ ಆವಿಯಾಗಿ ಹೋಗುವುದಿಲ್ಲ. ಒಬ್ಬರ ಹೆಗಲಿಂದ ಇಳಿದದ್ದು ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಸಾಮಾನ್ಯವಾಗಿ ಯಾರ ಹೆಗಲಿಗೆ? ಯಾರು ಜಗಳ ಬಿಡಿಸುತ್ತಾರೋ, ಯಾರು ಬೇಡ ಅನ್ನುವುದಿಲ್ಲವೋ, ಅವರ ಹೆಗಲಿಗೆ. "ನೀನು ಬಹಳ ಗಟ್ಟಿಗಿತ್ತಿ ಕಣಮ್ಮ" ಅಂತ ಹೊಗಳಿಬಿಡುತ್ತೀರಿ. ಹೊಗಳಿದರೆ ತಗಡು ದಪ್ಪವಾಗುತ್ತದೆಯೇ? ಬಿರುಕಿಗೆ ಬಣ್ಣ ಹಚ್ಚಿದ ಹಾಗಾಯಿತು ಅಷ್ಟೇ. ಇವತ್ತು ಮನೆಗೆ ಹೋಗಿ ಕೇಳಿ, "ಏನೇನು ಹೊರ್ತಿದ್ದೀಯಾ?" ಅಂತ. ಕೇಳಿ ಸುಮ್ಮನೆ ಕೂರಬೇಡಿ. ಅದರಲ್ಲಿ ಒಂದನ್ನು ಇಳಿಸಿಕೊಳ್ಳಿ. ನಾಳೆಯೂ ಅದು ನಿಮ್ಮದೇ, ನಾಡಿದ್ದೂ ನಿಮ್ಮದೇ.

ಮನೆಗೆ ಹೋಗುವವರೆಗೂ ಯಾಕೆ ಕಾಯಬೇಕು? ಈ ಪೆಂಡಾಲಿನ ಹಿಂದೆ ನಿಮಗೆಲ್ಲ ಅಡುಗೆ ಮಾಡುತ್ತಿರುವ ತಾಯಂದಿರಿದ್ದಾರೆ. ಶ್ರಾವಣ ಶುರುವಾದಾಗಿನಿಂದ ಅವರಲ್ಲಿ ಒಬ್ಬರೂ ಇಲ್ಲಿ ಬಂದು ಕೂತಿಲ್ಲ. ನೀವು ಕೇಳಿದ ಒಂದು ಮಾತೂ ಅವರ ಕಿವಿಗೆ ಬಿದ್ದಿಲ್ಲ. ನಿಮಗೆ ಪ್ರವಚನ ಸಾಕು. ಗಂಡಸರೆಲ್ಲ ಏಳಿ, ಹೋಗಿ ಸೌಟು ಇಸಿದುಕೊಳ್ಳಿ. ಅವರು ಬಂದು ಇಲ್ಲಿ ಕೂರಲಿ, ನಾನು ಈ ಕಥೆಯನ್ನು ಅವರಿಗೆ ಮೊದಲಿಂದ ಹೇಳುತ್ತೇನೆ. ಇವತ್ತು ಮೊದಲ ಪಂಕ್ತಿ ಅವರದ್ದು, ಬಡಿಸುವವರು ನೀವು. ಏಳಿ, ಏಳಿ.