ಡೆಸ್ಮಂಡನ ಕೊನೆಯ ಆಟ ಮತ್ತು ನನ್ನ ಖಾಲಿ ಕೋಣೆ

ಮಾನ್ಯ ಅಧ್ಯಕ್ಷರೂ ಮೇಯರರೂ ಆದ ಶ್ರೀಮತಿ ಹಾರ್‌ಗ್ರೀವ್ ಅವರೇ, ವೇದಿಕೆಯ ಗಣ್ಯರೇ, ಈ ಗಾಳಿಯಲ್ಲಿ ಟೋಪಿ ಹಿಡಿದುಕೊಂಡು ಕಡಲಸೇತುವೆಯ ತುದಿಯ ಈ ರಂಗಮಂದಿರದವರೆಗೆ ನಡೆದು ಬಂದ ಸಭಿಕರೇ,

ನನ್ನ ತಮ್ಮ ಡೆಸ್ಮಂಡ್ ಪಾರ್ಜಿಟರ್ ನಲವತ್ತೊಂದು ಬೇಸಿಗೆಗಳ ಕಾಲ ಇದೇ ರಂಗಮಂದಿರದಲ್ಲಿ ತುಟಿಯಲುಗಿಸದೆ ತಾನೇ ಮಾತನಾಡಿಸುವ ಗೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ನಗಿಸಿದ. ಇಂದು ಅವನ ಬೀಳ್ಕೊಡುಗೆ. ಹೊಗಳಲೆಂದು ನನ್ನನ್ನು ಕರೆದಿದ್ದೀರಿ. ಹೊಗಳುತ್ತೇನೆ, ಆದರೆ ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವನಿಗೆ ಮೊದಲು ದೂರು ಹೇಳಿಯೇ ಅಭ್ಯಾಸ.

ದೂರು ಇದು. ಬರುವ ಶನಿವಾರ ಡೆಸ್ಮಂಡ್ ತನ್ನ ಬಾಡಿಗೆ ಕೋಣೆಯನ್ನು ತೆರವು ಮಾಡಬೇಕು. ಅವನ ಹೆಂಡತಿ ತೀರಿಹೋಗಿದ್ದಾಳೆ. ಇನ್ನೂರು ಮೈಲಿ ದೂರದ ವೃದ್ಧ ಕಲಾವಿದರ ನಿವಾಸವೊಂದರ ಅರ್ಜಿ ಅವನ ಜೇಬಿನಲ್ಲಿದೆ. ಇಲ್ಲೋ, ಹತ್ತು ನಿಮಿಷದ ದಾರಿಯಲ್ಲಿ ನನ್ನ ಮನೆಯ ಕೋಣೆಯೊಂದು ಖಾಲಿ ಬಿದ್ದಿದೆ. ಬಂದು ಇರು ಎಂದು ಇದೇ ಪರದೆಯ ಹಿಂದೆ ಮೂರು ಬಾರಿ ಕೇಳಿದೆ. ಮೂರು ಬಾರಿಯೂ ಉತ್ತರ ಕೊಟ್ಟದ್ದು ಯಾರು? ಒಂದೇ ಕಣ್ಣಿಗೆ ಕನ್ನಡಕದ ಗಾಜು ಸಿಕ್ಕಿಸಿಕೊಂಡ, ಮರದ ದವಡೆಯ ಗೊಂಬೆ, ಕರ್ನಲ್ ಟಟ್ಲಿ.

“ಮೇಷ್ಟ್ರೇ, ನಿಮ್ಮನೇಲಿ ಮಾತಾಡೋಕೆ ಮುಂಚೆ ಕೈ ಎತ್ತಬೇಕಂತಲ್ಲ? ನನ್ನ ಕೈ ತಾನಾಗಿ ಏಳಲ್ಲ ಸ್ವಾಮಿ.”

ಮತ್ತೊಮ್ಮೆ, “ಊಟಕ್ಕೇನು, ಬೇಯಿಸಿದ ಕೋಸಾ? ನನಗೇನು ಬಿಡಿ, ಹೊಟ್ಟೆ ಇಲ್ಲ. ಪಾಪ, ಇವರಿಗಿದೆ.”

ನಗುತ್ತಿದ್ದೀರಿ. ನಾನೂ ನಕ್ಕೆ, ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಅರವತ್ತೆಂಟರ ಮನುಷ್ಯ ಒಡಹುಟ್ಟಿದವನಿಗೆ ನೇರವಾಗಿ ಉತ್ತರಿಸಬಾರದೆ? ಬಾಲ್ಯದಲ್ಲೂ ಹೀಗೆಯೇ. ಹೂಜಿ ಒಡೆದರೆ ಅವನ ಕೈಗೆ ತೊಟ್ಟ ಕಾಲುಚೀಲ ತಪ್ಪೊಪ್ಪಿಕೊಳ್ಳುತ್ತಿತ್ತು; ಅಮ್ಮ ನಕ್ಕು ಕಾಲುಚೀಲವನ್ನು ಕ್ಷಮಿಸುತ್ತಿದ್ದಳು. ಆ ಅಮ್ಮನ ಅಂತ್ಯಸಂಸ್ಕಾರಕ್ಕೆ ಗೊಂಬೆಯನ್ನು ತರಕೂಡದೆಂದು ಅವನಿಗೆ ಪತ್ರ ಬರೆದವನು ನಾನು. ಗೊಂಬೆ ಬರಲಿಲ್ಲ. ಅವನೂ ಬರಲಿಲ್ಲ. ಇದನ್ನು ಇಲ್ಲಿ ಹೇಳುವ ಉದ್ದೇಶ ನನಗಿರಲಿಲ್ಲ.

ಇಂದು ಮಧ್ಯಾಹ್ನ, ಮೂವತ್ತು ವರ್ಷದಿಂದ ಇಲ್ಲಿಯ ಉಡುಪುಗಳನ್ನು ನೋಡಿಕೊಳ್ಳುವ ಮೊರೀನ್ ಅವರ ಮುಂದೆ ಗೊಣಗಿದೆ. ಅವರು ಟಟ್ಲಿಯ ಕೋಟಿಗೆ ಗುಂಡಿ ಹೊಲಿಯುತ್ತಲೇ ಕೇಳಿದರು: “ಯಾರನ್ನ ನೋಡ್ಕೊಂಡು ಕೇಳಿದ್ರಿ ಮೇಷ್ಟ್ರೇ?”

“ಡೆಸ್ಮಂಡನನ್ನ.”

“ಸುಳ್ಳು. ಮೂರು ಸಲಾನೂ ನಾನಿಲ್ಲೇ ಇದ್ದೆ. ಟಟ್ಲಿ ಮುಖ ನೋಡ್ಕೊಂಡೇ ಕೇಳಿದ್ರಿ. ಗೊಂಬೇನ ಕೇಳಿದ್ರೆ ಗೊಂಬೇನೇ ಹೇಳ್ಬೇಕು. ಅದು ಗೊಂಬೆ ಆಡಿಸೋರ ಕಸುಬಿನ ನೇಮ. ಮೇಯರಮ್ಮ ಕೇಳಿದ್ರೂ ಅಷ್ಟೆ.”

ಸಭಿಕರೇ, ಮರದ ತುಂಡಿನೊಡನೆ ಮಾತನಾಡುವ ಮೂರ್ಖರೆಂದು ನಿಮ್ಮನ್ನು ವರ್ಷಗಟ್ಟಲೆ ಹೀಯಾಳಿಸಿದವನು ನಾನು. ತಮ್ಮನ ಮುಖ ನೋಡಲು ಆ ಪತ್ರ ಅಡ್ಡ ಬರುತ್ತಿತ್ತು; ಬಣ್ಣ ಬಳಿದ ಮುಖವನ್ನು ನೋಡುವುದು ಸುಲಭವಾಗಿತ್ತು. ಅವನ ಕಲೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನನ್ನಲ್ಲಿಲ್ಲ.

ಡೆಸ್ಮಂಡ್, ಈಗ ನಿನ್ನನ್ನೇ ನೋಡುತ್ತಿದ್ದೇನೆ. ಆ ಪತ್ರ ಬರೆದದ್ದು ತಪ್ಪು. ಮನೆಗೆ ಬಾ. ಕೋಣೆಯ ಕಿಟಕಿಯ ಬಳಿ ಎರಡು ಕುರ್ಚಿ ಹಾಕಿಸಿದ್ದೇನೆ. ಎರಡನೆಯದು ನನಗಲ್ಲ, ಟಟ್ಲಿಗೆ. ಉತ್ತರವನ್ನು ಮಾತ್ರ ನೀನು ಕೊಡು.

ತಾಳ್ಮೆಯಿಂದ ಕೇಳಿದ ತಮಗೆಲ್ಲ ನಾನು ಕೃತಜ್ಞ. ಇವನು ಬಾಯಿ ತೆರೆಯುವವರೆಗೆ ಇಲ್ಲಿಯೇ ನಿಂತಿರಲು ಅಧ್ಯಕ್ಷರ ಅಪ್ಪಣೆ ಬೇಡುತ್ತೇನೆ. ನಮಸ್ಕಾರ.